ನೆಲಮಾಳಿಗೆಯಲ್ಲಿ ಸತ್ತ ಇಲಿಗಳು

ಹಲ್ಲುಜ್ಜುವ ಮೊದಲೇ ಹಲ್ಲಿನ ಸಂದಿಯಲ್ಲಿ ಬೂದಿ ಕರಕರ ಅನ್ನುವಂಥ ಊರಿಗೆ ಎಲ್ಲಕ್ಕೂ ಹೇಸಿಕೊಳ್ಳುವ ಸ್ವಭಾವದವಳು ಸೊಸೆಯಾಗಿ ಬರಬಾರದು. ಗೈಡಮ್ಮ ಬಂದಿದ್ದಳು. ಬಂದು ವರ್ಷಗಳೇ ಉರುಳಿದ್ದರೂ ಆ ಊರಿನ ಯಾವುದೂ ಅವಳಿಗೆ ಒಗ್ಗಿರಲಿಲ್ಲ. ಒಗೆದು ಹರವಿದ ಬಿಳಿ ಹೊದಿಕೆ ಮಧ್ಯಾಹ್ನದ ಹೊತ್ತಿಗೆ ಬೂದುಬಣ್ಣ. ಮುಚ್ಚಿಟ್ಟ ಹಾಲಿನ ಮೇಲೂ ಕರಿ ಪುಡಿ. ಗಾಳಿ ಬೆಟ್ಟದ ಕಡೆಯಿಂದ ಬೀಸಿತೋ, ಮುಗಿಯಿತು, ಯಾರೋ ಹಿತ್ತಲಲ್ಲಿ ಬುಟ್ಟಿಗಟ್ಟಲೆ ಕೊಳೆತ ಮೊಟ್ಟೆ ಒಡೆದು ಸುರಿದಂಥ ನಾತ. ಊರಿನವರು ಅದಕ್ಕೆ ಮೂಗು ಕೂಡ ಮುಚ್ಚುತ್ತಿರಲಿಲ್ಲ. ‘ಬೆಟ್ಟ ಉಸಿರಾಡ್ತಿದೆ’ ಎಂದು ಹೇಳಿ ಊಟ ಮುಂದುವರಿಸುತ್ತಿದ್ದರು. ಥೂ, ಇವರ ಮೂಗಿಗಿಷ್ಟು ಬೆಂಕಿ ಹಾಕ, ಎಂದು ಅವಳು ತಟ್ಟೆ ಸರಿಸಿ ಎದ್ದುಬಿಡುತ್ತಿದ್ದಳು.

ಆದರೆ ಹೊಟ್ಟೆಪಾಡೂ ಅದೇ ಬೆಟ್ಟದ್ದೇ. ಪ್ರವಾಸಿಗರ ಬಸ್ಸು ನಿಲ್ಲುವ ಕಟ್ಟೆಯ ಮೇಲೆ ನಿಂತು, ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡು, ಕೈಯಲ್ಲಿ ಮೈಕು ಹಿಡಿದು ಜ್ವಾಲಾಮುಖಿಯ ಕಥೆ ಹೇಳುವುದು ಅವಳ ಕೆಲಸ. ಆ ಕೆಲಸಕ್ಕೆ ಸೇರಿದ ಮೇಲೆ ಅವಳ ಹೆಸರನ್ನು ಊರು ಮರೆತೇಬಿಟ್ಟಿತು. ಗಂಡ ಕೂಡ ಜಗಳವಾದಾಗ ‘ಗೈಡಮ್ಮನವರೇ’ ಅನ್ನುತ್ತಿದ್ದ.

“ನೀವು ನಿಂತಿರೋದನ್ನ ನೆಲ ಅಂದ್ಕೊಂಡಿದೀರಿ. ಇದು ಹೆಪ್ಪುಗಟ್ಟಿದ ಕಲ್ಲಿನ ಗಂಜಿ,” ಎಂದು ಅವಳು ಶುರುಮಾಡುತ್ತಿದ್ದಳು. “ಆಳದಲ್ಲಿ ಕಲ್ಲೇ ಕರಗಿರುತ್ತೆ, ಅದಕ್ಕೆ ಮ್ಯಾಗ್ಮಾ ಅಂತಾರೆ. ಸುತ್ತಲ ಗಟ್ಟಿ ಕಲ್ಲಿಗಿಂತ ಅದು ಹಗುರ, ಹಾಗಾಗಿ ಮೇಲಕ್ಕೆ ಬರೋಕೆ ದಾರಿ ಹುಡುಕುತ್ತೆ. ದಾರಿ ಸಿಕ್ಕಿದ್ರೆ ಲಾವಾ ಆಗಿ ಹರಿಯುತ್ತೆ. ಸಿಗದಿದ್ರೆ ನೆಲವನ್ನೇ ಉಬ್ಬಿಸುತ್ತೆ. ಅಲ್ಲಿ ಕೆರೆ ಕಾಣ್ತಿದೆಯಲ್ಲ, ಅಲ್ಲಿ ಮೊದಲು ಶಿಖರ ಇತ್ತು. ಒಳಗಿನ ಮ್ಯಾಗ್ಮಾ ಖಾಲಿಯಾಯ್ತು, ಶಿಖರ ಕುಸಿದು ಬಟ್ಟಲಾಯ್ತು. ಕೆಳಗಡೆ ದಡದಲ್ಲಿ ಮನೆಗಳಿದಾವಲ್ಲ, ಆ ಜಾಗ ಒಂದು ಕಾಲಕ್ಕೆ ಸಮುದ್ರ. ಲಾವಾ ಹೋಗಿ ಹೋಗಿ ಅಲ್ಲಿ ನೆಲ ಮಾಡ್ತು.”

ಜನ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಬಿಟ್ಟ ಬಾಯಲ್ಲಿ ಅರ್ಧ ಜಗಿದ ಬ್ರೆಡ್ಡು ಕಾಣುತ್ತಿತ್ತು. ಕೋಟಿ ವರ್ಷದ ಕಥೆ ಕೇಳುತ್ತ ಸಾಸಿವೆ ಸಾಸು ನೆಕ್ಕುವವರನ್ನು ನೋಡಿ ಅವಳು ಮುಖ ತಿರುಗಿಸಿಕೊಳ್ಳುತ್ತಿದ್ದಳು. ಅವರು ಬಸ್ಸು ಹತ್ತಿದ ಮೇಲೆ ಕರಿಬಂಡೆಯ ಸಂದಿಯಿಂದ ಹಣ್ಣಿನ ಸಿಪ್ಪೆ, ಒದ್ದೆ ಕಾಗದ, ಮಗುವಿನ ಮಲ ಒರೆಸಿದ ಬಟ್ಟೆ ಹೆಕ್ಕುವವಳೂ ಅವಳೇ.

ಕೊನೆಗೊಂದು ಆಟವಿತ್ತು. ಕಟ್ಟೆಯ ಪಕ್ಕ ಬೇಲಿ ಹಾಕಿದ ಒಂದು ಹಳ್ಳ. ಅವಳು ಉದ್ದನೆಯ ತಂತಿಯ ತುದಿಗೆ ಉರಿಯುವ ಮೇಣದಬತ್ತಿ ಸಿಕ್ಕಿಸಿ ನಿಧಾನವಾಗಿ ಇಳಿಸುತ್ತಿದ್ದಳು. “ಮೇಲೆ ತಣ್ಣಗಿದ್ರೂ ಕೆಳಗಿನ ಮ್ಯಾಗ್ಮಾ ಅನಿಲ ಬಿಡ್ತಾನೇ ಇರುತ್ತೆ. ಕೊಳೆತ ಮೊಟ್ಟೆ ವಾಸನೆ ಇರೋದು ಬೇರೆ, ಅದು ಗೊತ್ತಾಗುತ್ತೆ. ಈ ಹಳ್ಳದಲ್ಲಿ ನಿಂತಿರೋದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಉಸಿರಾಡಿದ್ರೆ ಸಾವು. ಗಾಳಿಗಿಂತ ಭಾರ. ನೀರಿನ ಹಾಗೆ ತಗ್ಗು ಹುಡುಕ್ಕೊಂಡು ಹೋಗಿ ನಿಲ್ಲುತ್ತೆ,” ಅನ್ನುವಷ್ಟರಲ್ಲಿ ಬತ್ತಿ ಯಾರೋ ಚಿವುಟಿದಂತೆ ಆರಿಹೋಗುತ್ತಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು. ಸಾವಿಗೆ ಚಪ್ಪಾಳೆ ತಟ್ಟುವ ಜನ. ಅವಳು ತಂತಿ ಸುತ್ತಿಟ್ಟು ಕೈ ತೊಳೆದುಕೊಂಡು ಮನೆಗೆ ಬರುತ್ತಿದ್ದಳು.

ಮನೆ ಮಾವನವರು ಕಟ್ಟಿದ್ದು. ಅವರು ಕಲ್ಲುಕುಟಿಗರು, ಇದೇ ಬೆಟ್ಟದ ಕರಿಕಲ್ಲು ಒಡೆದು, ಚೌಕ ಮಾಡಿ, ಒಂದೊಂದನ್ನೂ ತಾವೇ ಹೊತ್ತು ತಂದು ಇಟ್ಟಿದ್ದರು. ನೆಲಮಾಳಿಗೆಯನ್ನು ಮಾತ್ರ ಅವರು ತೋಡಿರಲಿಲ್ಲ, ಬೆಟ್ಟವೇ ಮಾಡಿಕೊಟ್ಟಿತ್ತು. ಹಿಂದೊಮ್ಮೆ ಹರಿದ ಲಾವಾದ ಮೇಲ್ಭಾಗ ಗಟ್ಟಿಯಾಗಿ, ಒಳಗಿನದು ಹರಿದುಹೋಗಿ ಉಳಿದ ಪೊಳ್ಳು ಅದು. ಮಾವ ಅದಕ್ಕೆ ಮೆಟ್ಟಿಲು, ಬಾಗಿಲು ಕೂಡಿಸಿ ಹಾರೆ, ಸುತ್ತಿಗೆ ಇಟ್ಟುಕೊಂಡಿದ್ದರು. ಮೇಲೆ ಮಹಡಿಯಲ್ಲಿ ಬೆಟ್ಟಕ್ಕೆ ಮುಖ ಮಾಡಿದ ದೊಡ್ಡ ಕಿಟಕಿಯ ಕೋಣೆ ಅವರದು. ಲಕ್ವಾ ಹೊಡೆದು ಮಾತೂ ಬಲಗೈ ಬಲಗಾಲೂ ಹೋದ ಮೇಲೆ ಅವರು ಆ ಕಿಟಕಿಯ ಬಳಿಯೇ ಮಂಚದ ಮೇಲೆ ಇರುತ್ತಿದ್ದರು.

ಆ ವರ್ಷ ಬೆಟ್ಟ ಎದ್ದಿತು. ಭಾರಿ ಸ್ಫೋಟವೇನಲ್ಲ, ಪಕ್ಕದ ಇಳಿಜಾರಿನಲ್ಲಿ ನೆಲ ಸೀಳಿ ಕೆಂಪು ಲಾವಾ ಜಿನುಗತೊಡಗಿತು. ಸಂಜೆ ಕವಿದರೆ ಬೆಟ್ಟದ ಮೈಮೇಲೆ ಗಾಯ ಕೀವುಗಟ್ಟಿದಂತೆ ಕಾಣುತ್ತಿತ್ತು. ಅದನ್ನು ನೋಡಲು ಜನಸಾಗರವೇ ಬಂತು. ಗಂಡ ಕೆಳಗಿನ ಕೋಣೆಗಳನ್ನು ಆಗಲೇ ಪ್ರವಾಸಿಗರ ವಸತಿಗೆ ಬಿಟ್ಟಿದ್ದ. ಬಂದವರೆಲ್ಲ ಕೇಳುವುದು ಒಂದೇ: ‘ಬೆಟ್ಟ ಕಾಣುವ ಕೋಣೆ ಇಲ್ಲವೇ?’

“ಅಪ್ಪನ್ನ ನೆಲಮಾಳಿಗೆಗೆ ಹಾಕೋಣ,” ಅಂದ ಗಂಡ, ಹಲ್ಲು ಚುಚ್ಚಿಕೊಳ್ಳುತ್ತ. “ತಂಪಾಗಿರುತ್ತೆ. ಬೂದಿ ಬರಲ್ಲ. ಮೊಟ್ಟೆ ವಾಸನೆನೂ ಅಲ್ಲಿ ಬರಲ್ಲ ನೋಡು, ಇಡೀ ಮನೇಲಿ ವಾಸನೆ ಇಲ್ಲದ ಜಾಗ ಅದೊಂದೇ.”

“ಅಪ್ಪ ಏನು ಹಳೇ ಪೆಟ್ಟಿಗೇನಾ ಅಣ್ಣ, ಹಾಕೋಕೆ?” ಅಂದಳು ನಾದಿನಿ. ಅವಳು ಗಂಡನನ್ನು ಬಿಟ್ಟು ತವರಿಗೆ ಬಂದವಳು. ಅಡುಗೆ, ಬಟ್ಟೆ, ಅಪ್ಪನ ಸೇವೆ ಎಲ್ಲ ಅವಳದೇ. ಅದಕ್ಕೇ ಅವಳ ಮಾತಿಗೆ ಆ ಮನೆಯಲ್ಲಿ ಬೆಲೆಯಿರಲಿಲ್ಲ.

ಗಂಡ ಹೆಂಡತಿಯ ಮುಖ ನೋಡಿದ. ಅವಳು ಒಲ್ಲೆ ಅಂದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು, ಅಷ್ಟು ಅವಳಿಗೂ ಗೊತ್ತಿತ್ತು. ಆದರೆ ಮಾವನ ಕೋಣೆಯಿಂದ ಬರುವ ಉಚ್ಚೆಯ ವಾಸನೆ ಮೆಟ್ಟಿಲಿಳಿದು ಊಟದ ಮೇಜಿನವರೆಗೂ ಬರುತ್ತಿತ್ತಲ್ಲ. ಅತಿಥಿಯೊಬ್ಬಳು ಮೂಗಿನ ಬಳಿ ಕರವಸ್ತ್ರ ಹಿಡಿದುಕೊಂಡದ್ದನ್ನು ನೋಡಿ ಅವಳು ನಾಚಿಕೆಯಿಂದ ಕುಗ್ಗಿದ್ದಳು.

“ತಂಪಾಗೇನೋ ಇರುತ್ತೆ,” ಅಂದಳು.

ಮಂಚ ನೆಲಮಾಳಿಗೆಯ ಬಾಗಿಲಲ್ಲಿ ತೂರಲಿಲ್ಲ. ಹಣ್ಣಿನ ಮರದ ಪೆಟ್ಟಿಗೆಗಳನ್ನು ಮಗುಚಿ ಸಾಲಾಗಿಟ್ಟು, ಮೇಲೆ ಹಾಸಿಗೆ ಹಾಕಿದರು. ಮೊಣಕಾಲೆತ್ತರವೂ ಆಗಲಿಲ್ಲ. ಮಾವನನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸುವಾಗ ಅವರು ಎಡಗೈಯಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಗಂಡ ಒಂದೊಂದೇ ಬೆರಳು ಬಿಡಿಸಿದ. ದಿಂಬು ಹೊತ್ತುಕೊಂಡು ಹಿಂದೆ ಇಳಿದವಳು ಗೈಡಮ್ಮ.

ಇನ್ನು ಇಲಿಗಳ ವಿಷಯ. ಬೆಟ್ಟ ಎದ್ದಾಗಿನಿಂದ ಆ ನೆಲಮಾಳಿಗೆಯಲ್ಲಿ ಇಲಿ ಸಾಯುತ್ತಿದ್ದವು. ಮೂಲೆಯಲ್ಲಲ್ಲ, ನಡುನೆಲದಲ್ಲಿ, ಕಾಲು ಚಾಚಿ. ಗಂಡನಿಗೆ ಹಿಗ್ಗು. ಅವನು ಪೇಟೆಯಿಂದ ಯಾವುದೋ ಹೊಸ ಪಾಷಾಣದ ಬಿಲ್ಲೆ ತಂದು ಮೂಲೆಮೂಲೆಗೆ ಇಟ್ಟಿದ್ದ. ಬೆಳಿಗ್ಗೆ ಸಲಿಕೆಯ ಮೇಲೆ ಇಲಿಗಳನ್ನು ಎತ್ತಿ ತಂದು, ಕಾಫಿ ಕುಡಿಯುವವರ ಎದುರಿಗೇ ಬಾಲ ಹಿಡಿದು ತೂಗುತ್ತಿದ್ದ.

“ನೋಡು, ಹೇಗೆ ಬಿದ್ದಿದೆ. ತಿಂದ ಜಾಗದಲ್ಲೇ ಡಮಾರ್.”

“ಅದನ್ನ ಆಚೆ ಎಸೀರಿ. ಹೇಸಿಗೆ ಅನ್ನೋದು ನಿಮ್ಮ ಮನೆತನಕ್ಕೇ ಇಲ್ವಾ?”

“ಮನೆತನಕ್ಕೆ ಬೇಕಾದ ಹೇಸಿಗೆನೆಲ್ಲ ನೀನೊಬ್ಬಳೇ ತಂದಿದೀಯಲ್ಲ, ಸಾಕು.”

ಇಲಿ ಬಂದರೆ ಹುಲಿ ಬಂತು ಅನ್ನುವ ಮನುಷ್ಯ ಈಗ ಹುಲಿ ಬೇಟೆಯಾಡಿದವನಂತೆ ಮೀಸೆ ತಿರುವಿದ. ಬೀದಿಯ ನಾಲ್ಕು ಜನಕ್ಕೆ ಅದೇ ಬಿಲ್ಲೆ ತರಿಸಿಯೂ ಕೊಟ್ಟ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದರೆ ಕಾಗೆಗೆ ಬರುವ ಜಂಬ ಇದೆಯಲ್ಲ, ಅದು ಅವನ ಮುಖದ ಮೇಲೆ ಜಿಡ್ಡಿನಂತೆ ಮೆತ್ತಿಕೊಂಡಿತ್ತು.

ಮಾವನಿಗೆ ಊಟ ಕೊಡಲು ಹಗಲು ನಾದಿನಿ ಇಳಿಯುತ್ತಿದ್ದಳು. ಸಂಜೆ ಅವಳಿಗೆ ಅತಿಥಿಗಳ ಅಡುಗೆ, ಹಾಗಾಗಿ ಮಲಗಿಸುವ ಸರದಿ ಸೊಸೆಯದು. ಗೈಡಮ್ಮ ಮೆಟ್ಟಿಲ ತಲೆಯಲ್ಲೇ ಉಸಿರು ಎಳೆದು ಕಟ್ಟಿಕೊಳ್ಳುತ್ತಿದ್ದಳು. ಉಚ್ಚೆ, ಹಳೆಯ ಎಣ್ಣೆ, ಸತ್ತ ಇಲಿ — ಈ ಮೂರನ್ನೂ ಒಟ್ಟಿಗೆ ಮೂಗಿಗೆ ಎಳೆದುಕೊಳ್ಳುವ ಶಕ್ತಿ ಅವಳಿಗಿರಲಿಲ್ಲ. ಕೆಳಗಿಳಿದು ಬಟ್ಟೆ ಬದಲಿಸಿ, ಮಲಗಿಸಿ, ಹೊದಿಸಿ, ಓಡಿ ಬಂದು ಮೇಲೆ ಉಸಿರು ಬಿಡುತ್ತಿದ್ದಳು. ಆ ನೆಲಮಾಳಿಗೆಯ ಗಾಳಿಯನ್ನು ಅವಳು ಸರಿಯಾಗಿ ಒಂದು ಸಲವೂ ಒಳಗೆ ತೆಗೆದುಕೊಂಡಿರಲಿಲ್ಲ.

ಮಾವ ಮಾತ್ರ ಮಲಗಲೊಲ್ಲರು. ಮಲಗಿಸಿದರೆ ಎಡಗೈ ಊರಿ ಮೇಲೇಳುತ್ತಿದ್ದರು. ಬೆನ್ನನ್ನು ಗೋಡೆಗೆ ಆನಿಸಿ, ಗದ್ದ ಮೇಲೆತ್ತಿ ಕೂರುತ್ತಿದ್ದರು. ಮುಖ ಕೆಂಪೇರಿರುತ್ತಿತ್ತು, ಏದುಸಿರು ಬಿಡುತ್ತಿದ್ದರು. ಬೆಳಿಗ್ಗೆ ನಾದಿನಿ ಬಾಗಿಲು ತೆಗೆದಾಗಲೂ ಹಾಗೇ ಕೂತಿರುತ್ತಿದ್ದರಂತೆ.

“ಹಠ. ಮೇಲಿನ ಕೋಣೆ ಬೇಕು ಅಂತ ಹಠ,” ಅಂದ ಗಂಡ. “ಹುಟ್ಟುಗುಣ ಸುಟ್ಟರೂ ಹೋಗಲ್ಲ. ಕಲ್ಲು ಒಡೆದು ಒಡೆದು ಅಪ್ಪನೂ ಕಲ್ಲೇ ಆಗಿದಾನೆ.”

ಅವಳಿಗೂ ಹಾಗೇ ಅನ್ನಿಸಿತು. “ಮಾವ, ಮಲಗಿ,” ಎಂದು ಹೆಗಲು ಹಿಡಿದು ಒತ್ತುತ್ತಿದ್ದಳು. ಅವರು ತಲೆ ಅಲ್ಲಾಡಿಸುತ್ತಿದ್ದರು, ಗಂಟಲಿನಿಂದ ಏನೋ ಸದ್ದು ಬರುತ್ತಿತ್ತು, ಬಾಯಂಚಿನಿಂದ ಜೊಲ್ಲು ಅವಳ ಮಣಿಕಟ್ಟಿನ ಮೇಲೆ ಇಳಿಯುತ್ತಿತ್ತು. ಆಗ ಅವಳಿಗೆ ಮೈಯೆಲ್ಲ ಮುಳ್ಳೇಳುತ್ತಿತ್ತು. ಇನ್ನಷ್ಟು ಜೋರಾಗಿ ಒತ್ತುತ್ತಿದ್ದಳು.

ವಸತಿಯ ಹಾಸಿಗೆಗೊಂದು ಪದ್ಧತಿಯಿದೆ. ಹೊದಿಕೆಯ ಅಂಚುಗಳನ್ನೆಲ್ಲ ಹಾಸಿಗೆಯ ಅಡಿಗೆ ಬಿಗಿಯಾಗಿ ತುರುಕಬೇಕು, ಕೈ ತೂರಿಸಲೂ ಎಡೆಯಿರಬಾರದು; ಅತಿಥಿಗಳಿಗೆ ಅದು ಅಚ್ಚುಕಟ್ಟಾಗಿ ಕಾಣುತ್ತದೆ. ಗೈಡಮ್ಮನ ಕೈ ಅದರಲ್ಲಿ ಪಳಗಿತ್ತು. ಒಂದು ಸಂಜೆ ಬೇಸತ್ತು ಅವಳು ಮಾವನನ್ನೂ ಹಾಗೇ ಹೊದಿಸಿದಳು. ಎಡಗೈಯನ್ನು ಒಳಗೆ ಸೇರಿಸಿ, ಕುತ್ತಿಗೆಯವರೆಗೆ ಎಳೆದು, ಎರಡೂ ಬದಿ ಹಾಸಿಗೆಯ ಕೆಳಗೆ ತುರುಕಿದಳು. ಮಾವ ಅವಳನ್ನೇ ನೋಡುತ್ತಿದ್ದರು. “ಈಗ ಹೇಗೆ ಏಳ್ತೀರೋ ನೋಡ್ತೀನಿ,” ಅಂದು ಮೇಲೆ ಬಂದಳು.

ಬೆಳಿಗ್ಗೆ ಹೊದಿಕೆ ಹರಿದಿತ್ತು. ಮಾವ ಕೂತಿದ್ದರು. ಹೊಸ ಹೊದಿಕೆ ಹಾಳಾಯಿತೆಂದು ಅವಳು ಅವರ ಮುಖದ ಮೇಲೇ ಬೈದಳು. ಸಂಜೆ ದಪ್ಪನೆಯದನ್ನು ತಂದು ತುರುಕಿದಳು.

ಆ ದಿನವೇ ನಾದಿನಿ ಬಟ್ಟೆ ಹಿಂಡುತ್ತ ಹೇಳಿದ್ದಳು: “ಅತ್ತಿಗೆ, ಅಣ್ಣ ಇಟ್ಟಿರೋ ಬಿಲ್ಲೆ ಎಲ್ಲ ಹಾಗೇ ಇದಾವೆ. ಒಂದಕ್ಕೂ ಹಲ್ಲಿನ ಗುರುತಿಲ್ಲ.”

“ನಿಂಗೇನು, ಇಲಿ ಹಲ್ಲು ನೋಡೋದೇ ಕೆಲಸಾನಾ? ಬೇರೆ ಕಡೆ ತಿಂದು ಬಂದಿರುತ್ತೆ.”

“ನಂಗೂ ಅಲ್ಲಿ ಬಗ್ಗಿ ಒರೆಸಿದ್ರೆ ತಲೆ ಸುತ್ತುತ್ತೆ.”

“ಸರಿಯಾಗಿ ತಿನ್ನು, ಸುತ್ತಲ್ಲ,” ಅಂದಿದ್ದಳು ಗೈಡಮ್ಮ, ಮತ್ತು ಚೀಟಿ ಕುತ್ತಿಗೆಗೆ ಹಾಕಿಕೊಂಡು ಕೆಲಸಕ್ಕೆ ಹೊರಟಿದ್ದಳು. ಹೊರಗೆ ಬೀದಿಗೂ ಮನೆಯ ಮೆಟ್ಟಿಲಿಗೂ ನಡುವೆ ಬಿರುಕು ಬಿಟ್ಟಿತ್ತು. ನೆಲ ಒಳಗಿನಿಂದ ಉಬ್ಬುತ್ತಿತ್ತು. ಅದನ್ನೂ ಅವಳು ಆ ದಿನ ಪ್ರವಾಸಿಗರಿಗೆ ಉದಾಹರಣೆಯಾಗಿ ಹೇಳಿದಳು, ಅವರು ಅದರ ಫೋಟೋ ತೆಗೆದುಕೊಂಡರು. ದೀಪದ ಬುಡದಲ್ಲಿ ಕತ್ತಲೆ ಅಂತ ಗಾದೆ ಮಾಡಿದವನಿಗೆ ಇವಳಂಥ ಸೊಸೆ ಇದ್ದಿರಬೇಕು.

ಮರುದಿನ ಸಂಜೆ ಮಾವನನ್ನು ಹಾಗೇ ಹೊದಿಸಿ ಅವಳು ಮೇಲೆ ಬಂದ ಸ್ವಲ್ಪ ಹೊತ್ತಿಗೆ ಭೂಮಿ ಒಂದು ಸಲ ನಡುಗಿತು. ಪಾತ್ರೆಗಳು ಗಿಣಿಗಿಣಿ ಅಂದವು, ಕರೆಂಟು ಹೋಯಿತು. ಮೇಲಿನ ಕೋಣೆಯಲ್ಲಿದ್ದ ಅತಿಥಿ ದಂಪತಿಗಳು ಹೆದರುವುದಿರಲಿ, ಕೇಕೆ ಹಾಕಿ ನಕ್ಕರು. ಕತ್ತಲಲ್ಲಿ ಲಾವಾ ಇನ್ನೂ ಚೆನ್ನಾಗಿ ಕಾಣುತ್ತದಲ್ಲ. ಗಂಡ ಅವರಿಗೆ ಗ್ಲಾಸು, ಹುರಿದ ಮೀನು ಹೊತ್ತುಕೊಂಡು ಮೆಟ್ಟಿಲೇರಿದ. ಗೈಡಮ್ಮ ಅಡುಗೆಮನೆಯಿಂದ ಮೇಣದಬತ್ತಿ ಹಚ್ಚಿಕೊಂಡು, ಮಾವ ಹೇಗಿದ್ದಾರೋ ನೋಡಲು ಉಸಿರು ಕಟ್ಟಿ ನೆಲಮಾಳಿಗೆಗೆ ಇಳಿದಳು.

ಮಾವ ದಪ್ಪ ಹೊದಿಕೆಯನ್ನು ಅರ್ಧ ಕಿತ್ತುಕೊಂಡು ಎದ್ದಿದ್ದರು. ಪೂರ್ತಿ ಏಳಲು ಆಗಿರಲಿಲ್ಲ. ಗೋಡೆಗೆ ಒಂದು ಭುಜ ಕೊಟ್ಟು, ಕುತ್ತಿಗೆ ಮೇಲಕ್ಕೆ ಚಾಚಿ, ಬಾಯಿ ತೆರೆದಿದ್ದರು. ತುಟಿ ನೀಲಿ. “ಮತ್ತೆ ಶುರು ಮಾಡಿದ್ರಾ?” ಅಂದಳು. ಮಾತಾಡಿದ್ದಕ್ಕೆ ಕಟ್ಟಿದ ಉಸಿರು ಹೋಯಿತು. ಕಾಲಿನ ಬಳಿ ಏನೋ ಮೆತ್ತಗೆ ತಗುಲಿತು. ನೋಡಲು ಬಗ್ಗಿ ಬತ್ತಿ ಕೆಳಗೆ ಹಿಡಿದಳು.

ಬತ್ತಿ ಆರಿತು. ಗಾಳಿ ಬೀಸಿರಲಿಲ್ಲ. ಕತ್ತಲಲ್ಲಿ ಬೆಂಕಿಕಡ್ಡಿ ಗೀರಿದಳು, ಹತ್ತಿಕೊಂಡಿತು. ಅದನ್ನು ಮಂಡಿಯ ಮಟ್ಟಕ್ಕೆ ಇಳಿಸಿದಳು, ಯಾರೋ ಚಿವುಟಿದಂತೆ ಆರಿತು. ಇನ್ನೊಂದು ಗೀರಿದಳು. ಅದೂ ಅಷ್ಟೇ.

ಕಟ್ಟೆಯ ಮೇಲೆ ನಿತ್ಯ ಬಾಯಿಪಾಠ ಒಪ್ಪಿಸುವ ಹೆಂಗಸಿಗೆ ತನ್ನ ಮನೆಯ ತಗ್ಗಿನಲ್ಲಿ ಅದು ಅರ್ಥವಾಗಲು ಇಷ್ಟು ಕಡ್ಡಿ ಬೇಕಾದವು. ವಾಸನೆ ಇಲ್ಲದ ಜಾಗ ಅಂದಿದ್ದ ಗಂಡ. ಹೌದು, ಬೆಟ್ಟದ ವಾಸನೆ ಅಲ್ಲಿರಲಿಲ್ಲ. ಆ ಊರಲ್ಲಿ ಅಪಾಯ ಅಂದರೆ ಮೊಟ್ಟೆ ನಾತ. ನಾತವಿಲ್ಲದಿದ್ದರೆ ಎಲ್ಲ ಕ್ಷೇಮ ಅಂತ ಎಲ್ಲರ ಲೆಕ್ಕ. ಗಟ್ಟಿ ನೆಲ ಬಿರುಕು ಬಿಟ್ಟು, ಕೆಳಗಿನ ಮ್ಯಾಗ್ಮಾ ಬಿಟ್ಟ ಅನಿಲ ಅದೇ ಲಾವಾ ಮಾಡಿಟ್ಟ ಪೊಳ್ಳಿಗೆ ಬಂದು, ಬಾಗಿಲು ಮುಚ್ಚಿದ ಮೇಲೆ ನೆಲದಿಂದ ಮೇಲಕ್ಕೆ ಬಾವಿಯ ನೀರಿನಂತೆ ಏರಿ ನಿಲ್ಲುತ್ತಿತ್ತು. ಇಲಿಗಳು ಅದರಲ್ಲಿ ಮುಳುಗಿ ಸತ್ತಿದ್ದವು.

ಅವಳು ಕಿರುಚಲಿಲ್ಲ. ಕಿರುಚಲು ಉಸಿರಿರಲಿಲ್ಲ. ಬಾಗಿಲು ಹಾರುಹೊಡೆದು, ಮಾವನ ಕಂಕುಳಲ್ಲಿ ಕೈ ಹಾಕಿ ಎಳೆದಳು. ಸದ್ದು ಕೇಳಿ ನಾದಿನಿ ಓಡಿಬಂದಳು. ಇಬ್ಬರೂ ಸೇರಿ ಅವರನ್ನು ಮೆಟ್ಟಿಲ ಮೇಲೆ ಕಟ್ಟಿಗೆ ಎಳೆದಂತೆ ಎಳೆದುಕೊಂಡು ಬಂದರು. ಒದ್ದೆ ಬಟ್ಟೆ, ಜೊಲ್ಲು, ಉಚ್ಚೆ ಎಲ್ಲ ಅವಳ ಎದೆಗೆ ಮೆತ್ತಿತು.

ಗಂಡ ಖಾಲಿ ತಟ್ಟೆ ಹಿಡಿದು ಇಳಿಯುತ್ತಿದ್ದವನು ನಿಂತ. “ಏನಿದು?”

“ಕೆಳಗೆ ಅನಿಲ ತುಂಬಿದೆ. ಇಲಿ ಸಾಯ್ತಿದ್ದದ್ದು ನಿಮ್ಮ ಬಿಲ್ಲೆಯಿಂದಲ್ಲ. ಕಾಲು ಹಿಡ್ಕೊಳ್ಳಿ, ಮೇಲಿನ ಕೋಣೆಗೆ.”

ಅವನ ಮುಖ ಬಿಳಿಚಿತು. ಆದರೂ ಬಾಯಿಂದ ಬಂದದ್ದು ಮಾತ್ರ ಹೀಗೆ: “ಮೇಲೆ ಅತಿಥಿಗಳು ಊಟ ಮಾಡ್ತಿದಾರೆ. ಸದ್ಯಕ್ಕೆ ಅಡುಗೆಮನೇಲಿ ಮಲಗಿಸಿ. ಮತ್ತೆ ಅನಿಲ ಗಿನಿಲ ಅಂತ ಜೋರಾಗಿ ಹೇಳ್ಬೇಡ, ಎಲ್ಲ ಎದ್ದು ಹೋಗ್ತಾರೆ.”

ಇಷ್ಟು ವರ್ಷ ಬೂದಿ, ನಾತ, ಇಲಿ ಎಂದು ಹೇಸಿದ್ದೆಲ್ಲ ಏನೂ ಅಲ್ಲ ಅನ್ನಿಸಿತು ಅವಳಿಗೆ. ಅವನ ತುಟಿಯ ಮೇಲೆ ಮೀನಿನ ಎಣ್ಣೆ ಹೊಳೆಯುತ್ತಿತ್ತು. ಈ ಬಾಯಿಗಲ್ಲವೇ ತಾನು ಇಷ್ಟು ವರ್ಷ ಅನ್ನ ಬಡಿಸಿದ್ದು.

“ಕಾಲು ಹಿಡೀರಿ, ಇಲ್ಲಾಂದ್ರೆ ನಾನೇ ಮೈಕು ತಂದು ಬೀದಿಗೆಲ್ಲ ಹೇಳ್ತೀನಿ,” ಅಂದಳು.

ಅವನು ಹಿಡಿದ. ಮೇಲಿನ ಕೋಣೆಯಲ್ಲಿ ಅತಿಥಿ ಹೆಂಗಸು ಮೂಗು ಮುಚ್ಚಿಕೊಂಡು ಎದ್ದಳು, ಅವಳ ಗಂಡ ಏನೋ ದೂರು ಶುರುಮಾಡಿದ. ಗೈಡಮ್ಮ ಮೀನಿನ ಮುಳ್ಳು ಬಿದ್ದಿದ್ದ ಮೇಜನ್ನು ಕಾಲಲ್ಲೇ ಸರಿಸಿ, ಮಾವನನ್ನು ಅವರ ಹಳೆಯ ಮಂಚದ ಮೇಲೆ ಇಳಿಸಿದಳು. “ಅಡ್ವಾನ್ಸು ವಾಪಸ್ ಇಸ್ಕೊಂಡು ಹೊರಡಿ. ಈ ಮನೆಯಲ್ಲಿ ಇವತ್ತು ಯಾರೂ ಮಲಗೋ ಹಾಗಿಲ್ಲ,” ಅಂದಳು. ಅವರು ಹೊರಟರು. ಗಂಡ ಅವರ ಹಿಂದೆ ಕ್ಷಮೆ ಕೇಳುತ್ತ ಇಳಿದ. ನಾದಿನಿ ಡಾಕ್ಟರನ್ನು ಕರೆಯಲು ಓಡಿದಳು.

ಕಿಟಕಿ ತೆರೆದಿತ್ತು. ಗಾಳಿ ಬೂದಿಯನ್ನೂ ಕೊಳೆತ ಮೊಟ್ಟೆಯ ನಾತವನ್ನೂ ಹೊತ್ತು ತಂದು ಕೋಣೆ ತುಂಬಿತು. ಮಾವ ಅದನ್ನು ಬಾಯಾರಿದವರು ನೀರು ಕುಡಿದಂತೆ ಎಳೆದುಕೊಂಡರು. ನಿಧಾನವಾಗಿ ತುಟಿಯ ನೀಲಿ ಇಳಿಯಿತು. ಬದುಕಿದರು. ಅಬ್ಬಾ, ಬದುಕಿದರು ಎಂದು ಅವಳು ಮಂಚದ ಅಂಚಿಗೆ ಕೂತಳು.

ಆದರೆ ಅವರು ಕೂತೇ ಇದ್ದರು. ಮೆತ್ತನೆಯ ಹಾಸಿಗೆ, ಎತ್ತರದ ಮಂಚ, ತೆರೆದ ಕಿಟಕಿ; ಆದರೂ ಬೆನ್ನನ್ನು ತಲೆದೆಸೆಯ ಹಲಗೆಗೆ ಅಂಟಿಸಿ, ಎಡಗೈಯಿಂದ ಮಂಚದ ಸರಳು ಹಿಡಿದು, ಕಣ್ಣು ಮುಚ್ಚದೆ. ರೆಪ್ಪೆ ಭಾರವಾಗಿ ಜಾರುವುದು, ತಟ್ಟನೆ ತೆರೆಯುವುದು. ಎಷ್ಟು ರಾತ್ರಿ ಹೀಗೆ ಕಳೆದಿದ್ದರೋ. ಹೊದಿಕೆ ಹರಿದದ್ದು ಯಾವ ಹಠಕ್ಕೆ ಎಂದು ಅವಳಿಗೆ ಆಗ ಪೂರ್ತಿ ತಿಳಿಯಿತು. ತಿಳಿದು, ತನ್ನ ಮೇಲೆ ತನಗೇ ಅಸಹ್ಯ ಹುಟ್ಟಿತು.

“ಮಾವ, ಇಲ್ಲಿ ಏನೂ ಆಗಲ್ಲ. ಸ್ವಲ್ಪ ಒರಗಿಕೊಳ್ಳಿ,” ಎಂದು ದಿಂಬು ಸರಿಪಡಿಸಲು ಕೈ ಚಾಚಿದಳು.

ಅವರು ಸರಳನ್ನು ಇನ್ನೂ ಬಿಗಿಯಾಗಿ ಹಿಡಿದರು. ಅರ್ಧ ಸತ್ತ ಮೈಯನ್ನು ಎಳೆದುಕೊಂಡು ಗೋಡೆಯ ಕಡೆಗೆ ಸರಿದರು. ಕಣ್ಣು ಅವಳ ಮುಖದ ಮೇಲಿರಲಿಲ್ಲ, ಅವಳ ಕೈಗಳ ಮೇಲಿತ್ತು. ಉಸಿರು ಕಟ್ಟಿಕೊಂಡು ಕಾಯುತ್ತಿದ್ದರು.

ಅವಳು ಎದ್ದು ಎರಡು ಹೆಜ್ಜೆ ಹಿಂದೆ ಸರಿದಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಆಮೇಲೆಯೇ ಅವರು ಉಸಿರು ಬಿಟ್ಟರು.